ಹೆಜ್ಜೆ ಬಲ್ಲ ಬೆನ್ ಲಿಲ್ಲಿ

ಬೆನ್ ಲಿಲ್ಲಿ 1856ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದ. ಬೇಸಾಯದಲ್ಲಿ ಮನಸ್ಸು ನಿಲ್ಲದೆ ಕಾಡು ಸೇರಿದ. 1907ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಕರಡಿ ಬೇಟೆಗೆ ಜೊತೆಯಾದ. ಮುಂದೆ ನ್ಯೂ ಮೆಕ್ಸಿಕೋದ ಬೆಟ್ಟಗಳಲ್ಲಿ, ದನಗಳನ್ನು ಹಿಡಿಯುತ್ತಿದ್ದ ಪ್ಯೂಮಾಗಳನ್ನು ಕೊಲ್ಲುವುದೇ ಅವನ ಕಸುಬಾಯಿತು. (ಬೆಟ್ಟದ ಸಿಂಹವೆಂದು ಕರೆದರೂ ಪ್ಯೂಮಾ ಸಿಂಹವಲ್ಲ, ಮಕ್ಕಳಿಗೆ ಇದನ್ನು ಮೊದಲೇ ಹೇಳಬೇಕು.)

ಹಿಮ ಬಿದ್ದಾಗಲೂ ನಾಯಿಗಳೊಡನೆ ನಡೆದೇ ಜಾಡು ಹಿಡಿಯುತ್ತಿದ್ದ. ಪ್ಯೂಮಾ ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಬಿಸಿಲಿಗೆ ಹಿಮ ಕರಗಿದರೆ ಹೆಜ್ಜೆ ಹಿಗ್ಗಿ, ಪ್ರಾಣಿ ಇರುವುದಕ್ಕಿಂತ ದೊಡ್ಡದೆನಿಸುತ್ತದೆ. ಭಾನುವಾರ ಮಾತ್ರ ಅವನು ಬೇಟೆಯಾಡುತ್ತಿರಲಿಲ್ಲ.

ಇಷ್ಟೆಲ್ಲ ಅರಿವು ಕೊಲ್ಲುವುದಕ್ಕೇ ಸಂದಿತೆಂಬುದನ್ನು ಪಾಠದಲ್ಲಿ ಮುಚ್ಚಿಡಬಾರದು. 1936ರಲ್ಲಿ ಲಿಲ್ಲಿ ತೀರಿಕೊಂಡ. 1960ರ ದಶಕದಲ್ಲಿ ಐಡಾಹೋದ ಸಂಶೋಧಕರು ಅದೇ ರೀತಿ ಹಿಮದ ಜಾಡು ಹಿಡಿದು, ನಾಯಿಗಳಿಂದ ಪ್ಯೂಮಾಗಳನ್ನು ಮರ ಹತ್ತಿಸಿ, ಗುರುತು ಹಾಕಿ ಬಿಟ್ಟುಬಿಟ್ಟರು.