ನಂದಿಬೆಟ್ಟದ ಬುಡದಲ್ಲಿ ಮೂರು ತಲೆಮಾರಿನ ದ್ರಾಕ್ಷಿ ತೋಟ

ಮಕ್ಕಳೇ, ರಜೆಗೆ ಊರಿಗೆ ಹೋದಾಗ ಅಜ್ಜಿ ಮನೆಯಲ್ಲಿ ನೀಲಿ ದ್ರಾಕ್ಷಿ ತಿಂದಿರುತ್ತೀರಿ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತದಲ್ಲ, ಅದೇ ‘ಬೆಂಗಳೂರು ನೀಲಿ’. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ರೈತರು ಅಜ್ಜ ಮುತ್ತಜ್ಜಂದಿರ ಕಾಲದಿಂದ ಬೆಳೆಯುತ್ತಾ ಬಂದ ಹಣ್ಣು. ಅಮೆರಿಕದಲ್ಲಿರುವ ನಿಮಗೆ ಗೊತ್ತಿರುವ ಕಾನ್‌ಕಾರ್ಡ್ ದ್ರಾಕ್ಷಿ ಇದರ ಹತ್ತಿರದ ನೆಂಟ. ಇದೇ ನೆಲದಲ್ಲಿ ಫ್ರಾನ್ಸಿನ ದ್ರಾಕ್ಷಿ ಬೆಳೆಸಲು ಹೊರಟ ಗ್ರೋವರ್ ಮನೆತನದ ಕಥೆ ಇದು. ಅವರು ತಯಾರಿಸುವುದು ವೈನ್. ಅದು ದೊಡ್ಡವರ ಪಾನೀಯ, ನಿಮಗಲ್ಲ. ನಿಮಗೆ ಹೇಳಬೇಕೆನಿಸಿದ್ದು ಅದರ ಹಿಂದಿನ ಬೇಸಾಯದ ಬಗ್ಗೆ.

ಉದ್ಯಮಿ ಕನ್ವಲ್ ಗ್ರೋವರ್ ಅವರು ವ್ಯಾಪಾರಕ್ಕಾಗಿ ಆಗಾಗ ಫ್ರಾನ್ಸಿಗೆ ಹೋಗಿಬರುತ್ತಿದ್ದರು. ಅಲ್ಲಿನ ತೋಟಗಳನ್ನು ನೋಡಿ, ನಮ್ಮಲ್ಲೂ ಏಕಾಗಬಾರದು ಅನ್ನಿಸಿತು. ಶಾಂಪೇನ್ ಸೀಮೆಯ ತಜ್ಞ ಜಾರ್ಜ್ ವೆಸೆಲ್ ಜೊತೆಗೂಡಿದರು. ಸುಮಾರು 35 ಫ್ರೆಂಚ್ ತಳಿಗಳನ್ನು ನೆಟ್ಟು ನೋಡಿದರು. ಒಗ್ಗದವನ್ನು ಬಿಟ್ಟರು, ಒಗ್ಗಿದ ಕೆಲವನ್ನೇ ಉಳಿಸಿಕೊಂಡರು. 1988ರಲ್ಲಿ ನಂದಿಬೆಟ್ಟದ ಬುಡದಲ್ಲಿ 40 ಎಕರೆ ತೋಟ ಎದ್ದಿತು. ಮೊದಲ ವೈನ್ ಬಂದದ್ದು 1992ರಲ್ಲಿ. ಫಲ ಸಿಗುತ್ತದೋ ಇಲ್ಲವೋ ತಿಳಿಯದೆ ವರ್ಷಗಟ್ಟಲೆ ಬಳ್ಳಿ ನೆಡುತ್ತಲೇ ಇದ್ದರಲ್ಲ, ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು.

ನಂದಿಯೇ ಏಕೆ? ದ್ರಾಕ್ಷಿಗೆ ಅತಿ ಮಳೆ ಆಗದು, ರೋಗ ಬರುತ್ತದೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯನ್ನೇ ನೋಡಿ: ಸಹ್ಯಾದ್ರಿಯ ಮಡಿಲಲ್ಲಿರುವ ಭೋರ್ ಭತ್ತದ ಸೀಮೆ; ಅದೇ ಜಿಲ್ಲೆಯಲ್ಲಿ ಮಳೆ ಕಡಿಮೆಯಿರುವ ನಾರಾಯಣಗಾಂವ್ ದ್ರಾಕ್ಷಿಯ ಊರು. ಶಾಮರಾವ್ ಚೌಗುಲೆ ಅವರು 1980ರ ದಶಕದಲ್ಲಿ ವೈನ್ ಉದ್ಯಮ ಕಟ್ಟಿದ್ದು ಅಲ್ಲಿಯೇ. ನಂದಿಯ ಕಡೆಯೂ ಮಳೆ ಅತಿಯಿಲ್ಲ. ಜೊತೆಗೆ ಅದರ ಸುತ್ತಲಿನ ಪ್ರದೇಶ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು. ಬಿಸಿಲು ಹಣ್ಣಿಗೆ ಸಿಹಿ ತುಂಬಿದರೆ ತಂಪು ಅದರ ಹುಳಿಯನ್ನು ಉಳಿಸುತ್ತದೆ.

ಆದರೂ ಒಂದು ತೊಡಕಿತ್ತು. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅಂಥ ಚಳಿಯೇ ಇಲ್ಲ, ಬಿಟ್ಟರೆ ಬಳ್ಳಿ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಚಳಿ ಮಾಡುವ ಕೆಲಸವನ್ನು ಕತ್ತರಿ ಮಾಡಬೇಕು. ಏಪ್ರಿಲ್ ಹೊತ್ತಿಗೆ ಒಮ್ಮೆ ಬಳ್ಳಿ ಸವರುತ್ತಾರೆ. ಆಮೇಲೆ ಬರುವ ಚಿಗುರು ಮಳೆಗಾಲವೆಲ್ಲ ಕಡ್ಡಿಯಾಗಿ ಬಲಿಯುತ್ತದೆ. ಮಳೆ ಹಿಂದೆ ಸರಿಯುವ ಹೊತ್ತಿಗೆ ಮತ್ತೊಮ್ಮೆ ಸವರುತ್ತಾರೆ. ಗೊಂಚಲು ಬರುವುದು ಈ ಎರಡನೆಯ ಸವರಿಕೆಯ ನಂತರವೇ. ಎಲ್ಲಿ ಕತ್ತರಿಸಬೇಕು, ಎಷ್ಟು ಚಿಗುರುಕಣ್ಣು ಉಳಿಸಬೇಕು ಎಂಬುದು ಕೈಗೆ ರೂಢಿಯಾಗಬೇಕಾದ ವಿದ್ಯೆ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು, ಗಂಡಸರು ಅದನ್ನು ಕಲಿತಿದ್ದಾರೆ. ಅವರ ಹೆಸರು ಬಾಟಲಿಯ ಮೇಲೆ ಬರುವುದಿಲ್ಲ; ಆದರೆ ಅವರಿಲ್ಲದೆ ಈ ತೋಟವಿಲ್ಲ.

ಕನ್ವಲ್ ಅವರ ಮಗ ಕಪಿಲ್ ತೋಟವನ್ನು ಬೆಳೆಸಿದರು. ಅವರ ಕಾಲದಲ್ಲೇ ಫ್ರಾನ್ಸಿನ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಇಲ್ಲಿಗೆ ಬಂದು ಸಲಹೆ ಕೊಟ್ಟರು. ಮೊಮ್ಮಗಳು ಕರಿಷ್ಮಾ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡುವ ವಿದ್ಯೆ ಓದಿ ಬಂದರು. ಹೌದು, ಈ ಕೆಲಸಕ್ಕೂ ಪದವಿ ಇದೆ! ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಮಣ್ಣಿನ ಪಾಠ ಎಲ್ಲವೂ ಬೇಕು. ಜೊತೆಗೆ ನಾಲಿಗೆಯೂ ಬೇಕು: ಕೊಯ್ಲಿಗೆ ಮುನ್ನ ಸಾಲುಗಳ ನಡುವೆ ನಡೆಯುತ್ತಾ ಹಣ್ಣು ಬಾಯಿಗೆ ಹಾಕಿ ಬೀಜವನ್ನೂ ಕಡಿದು ನೋಡುತ್ತಾರೆ. ಬೀಜ ಹಸಿರಾಗಿ ಒಗರಾಗಿದ್ದರೆ ಇನ್ನೂ ಕಾಯಬೇಕು. ಕಂದಾಗಿ ಗರಿಗರಿ ಎಂದರೆ ಕೊಯ್ಲಿಗೆ ಸಿದ್ಧ. 2012ರಲ್ಲಿ ಈ ಮನೆತನದ ಸಂಸ್ಥೆ ನಾಸಿಕ್ ಸೀಮೆಯ ಇನ್ನೊಂದು ವೈನ್ ಕಂಪನಿಯೊಡನೆ ಸೇರಿ ಗ್ರೋವರ್ ಜಂಪಾ ಆಯಿತು.

ಮುಂದಿನ ಸಲ ಬೆಂಗಳೂರಿನ ವಿಮಾನ ನಿಲ್ದಾಣದಿಂದ ನಂದಿಯ ಕಡೆ ಹೊರಟರೆ ಕಾರಿನ ಕಿಟಕಿಯಿಂದ ಗಮನಿಸಿ. ತಲೆಯೆತ್ತರದ ಚಪ್ಪರದ ಮೇಲೆ ಬಳ್ಳಿ ಹಬ್ಬಿದ್ದರೆ ಅದು ಹೆಚ್ಚಾಗಿ ತಿನ್ನುವ ದ್ರಾಕ್ಷಿ, ನಿಮ್ಮ ನೀಲಿ ದ್ರಾಕ್ಷಿಯೂ ಇರಬಹುದು. ತಂತಿಗೆ ಕಟ್ಟಿದ ಬಳ್ಳಿಗಳು ಬೇಲಿಯಂತೆ ಸಾಲಾಗಿ ನಿಂತಿದ್ದರೆ ಅದು ಬಹುಶಃ ವೈನ್ ದ್ರಾಕ್ಷಿ. ಗ್ರೋವರ್ ತೋಟ ಇರುವುದು ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ.