ಬೇತ್ಲೆಹೇಮಿನ ಜೆರೋಮನು

ಸತ್ಯವೇದವನ್ನು ಲ್ಯಾಟಿನ್ ಭಾಷೆಗೆ ತಿರುಗಿಸಿದ ಮಹಾಪಂಡಿತನೆಂದು ಜೆರೋಮನ ಹೆಸರು ಲೋಕಪ್ರಸಿದ್ಧವಾಗಿದೆ. ಆತನ ಚಿತ್ರವನ್ನು ಬರೆಯುವವರು ಕಾಲಬುಡದಲ್ಲಿ ಒಂದು ಸಿಂಹವನ್ನು ಮಲಗಿಸುವದುಂಟು, ಅದು ಕಟ್ಟುಕಥೆ. ನಿಜವಾಗಿ ಆತನ ಸುತ್ತಲೂ ಇದ್ದವು ಪುಸ್ತಕಗಳು. ಇದ್ದವರು ಬರಹಗಾರರು, ಮತ್ತು ಓದುವದರಲ್ಲಿ ಆತನಷ್ಟೇ ಆಸಕ್ತರಾದ ಕೆಲವು ಸ್ತ್ರೀಯರು. ರೋಮಾಪುರವನ್ನು ಬಿಟ್ಟು ಹೊರಡಬೇಕಾಗಿ ಬಂದ ಈತನು ತನ್ನ ಆಯುಷ್ಯದ ಕಡೆಯ 34 ವರ್ಷಗಳನ್ನು ಬೇತ್ಲೆಹೇಮಿನಲ್ಲಿ ಕಳೆದನು. ವೇದಾಧ್ಯಯನಕ್ಕಾಗಿ ಅಲ್ಲಿಗೆ ಬರಬೇಕೋ ಬೇಡವೋ ಎಂಬ ವಿಷಯದಲ್ಲಿ ಈತನು ತನ್ನ ಸ್ನೇಹಿತರಿಗೆ ಕೊಟ್ಟ ಬುದ್ಧಿವಾದವು ಒಂದೇ ತೆರನಾದದ್ದಲ್ಲ.

ಜೆರೋಮನು ಸುಮಾರು ಕ್ರಿ. ಶ. 347ರಲ್ಲಿ, ಇಟಲಿಗೆ ಪೂರ್ವದಲ್ಲಿದ್ದ ದಲ್ಮಾತ್ಯ ಪನ್ನೋನ್ಯ ಸೀಮೆಗಳ ಗಡಿಯ ಸ್ತ್ರಿದೋನೆಂಬ ಊರಲ್ಲಿ ಹುಟ್ಟಿದನು. ರೋಮಾಪುರದಲ್ಲಿ ದೊನಾತನೆಂಬ ಪ್ರಸಿದ್ಧ ವ್ಯಾಕರಣಪಂಡಿತನ ಬಳಿ ಕಲಿತು, ಅಲ್ಲಿಯೇ ದೀಕ್ಷಾಸ್ನಾನವನ್ನು ಹೊಂದಿ, ಮುಂದೆ ಸಿರಿಯ ದೇಶಕ್ಕೆ ಹೋಗಿ ಖಾಲ್ಕಿಸ್ ಎಂಬ ಅರಣ್ಯಪ್ರದೇಶದಲ್ಲಿ ತಪಸ್ವಿಯಾಗಿದ್ದನು. ಅಲ್ಲಿ ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯನಿಂದ ಇಬ್ರಿಯ ಭಾಷೆಯನ್ನು ಕಲಿಯತೊಡಗಿದನು. ಲ್ಯಾಟಿನ್ ಕವಿಗಳ ಇಂಪಿಗೆ ಒಗ್ಗಿದ ಕಿವಿಗೆ ಆ ಉಚ್ಚಾರಣೆಯು ಬಹು ಕರ್ಕಶವಾಗಿ ತೋರಿತು. ಬೇಸತ್ತು ಎಷ್ಟೋ ಸಾರಿ ಬಿಟ್ಟನು, ಎಷ್ಟೋ ಸಾರಿ ತಿರಿಗಿ ಹಿಡಿದನು. ವ್ಯಾಕರಣದ ಪುಸ್ತಕವನ್ನು ಮುಚ್ಚಿಟ್ಟು ಮರುದಿನ ತೆರೆದಿರುವ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

382ರಲ್ಲಿ ಆತನು ರೋಮಾಪುರಕ್ಕೆ ಬಂದು ಬಿಷಪನಾದ ದಮಾಸನಿಗೆ ಲೇಖಕನಾದನು. ಆಗ ಅವೆಂತೀನ್ ಗುಡ್ಡದ ಮೇಲಿದ್ದ ಮಾರ್ಸೆಲ್ಲಾ ಎಂಬ ವಿಧವೆಯ ಮನೆಯಲ್ಲಿ ಕುಲೀನ ಸ್ತ್ರೀಯರು ಕೂಡಿ ವೇದವನ್ನು ಓದುತ್ತಿದ್ದರು. ಅವರ ಪ್ರಶ್ನೆಗಳು ಸುಲಭವಾದವುಗಳಲ್ಲ. ಮಾರ್ಸೆಲ್ಲಳಂತೂ ಕಾರಣ ತಿಳಿಯದೆ ಯಾವ ಉತ್ತರವನ್ನೂ ಒಪ್ಪುತ್ತಿರಲಿಲ್ಲ. ಪೌಲಾ ಎಂಬ ವಿಧವೆಯೂ ಅವಳ ಮಕ್ಕಳಾದ ಬ್ಲೆಸಿಲ್ಲಾ, ಯೂಸ್ತೋಕಿಯ ಎಂಬವರೂ ಆತನ ಶಿಷ್ಯರಾದರು. 384ರಲ್ಲಿ ಬ್ಲೆಸಿಲ್ಲಳು ಎಳೆಯ ಪ್ರಾಯದಲ್ಲಿಯೇ ತೀರಿಹೋದಾಗ, ಕಠಿಣವಾದ ಉಪವಾಸವೇ ಅವಳನ್ನು ಕೊಂದಿತೆಂದು ಪಟ್ಟಣದವರು ಜೆರೋಮನನ್ನು ದೂರಿದರು. ದೂರು ಪೂರ್ಣ ಸುಳ್ಳೆಂದು ಹೇಳಲಾಗದು. ಜ್ವರದಿಂದೆದ್ದ ಹುಡುಗಿಗೆ ಅಂಥ ನೇಮವು ಹಿತವಾಗಿರಲಿಲ್ಲ. ಅದೇ ವರ್ಷದ ದಶಂಬರಿನಲ್ಲಿ ದಮಾಸನೂ ತೀರಿಕೊಂಡನು. ರಕ್ಷಿಸುವವರಿಲ್ಲದೆ, ಅಪವಾದಗಳು ಹೆಚ್ಚಿ, 385ರ ಆಗಸ್ಟ್ ತಿಂಗಳಲ್ಲಿ ಜೆರೋಮನು ಹಡಗು ಹತ್ತಿದನು. ಮತ್ತೆ ರೋಮಾಪುರವನ್ನು ಕಾಣಲಿಲ್ಲ.

ಸ್ವಲ್ಪ ಕಾಲದಲ್ಲಿ ಪೌಲಳೂ ಯೂಸ್ತೋಕಿಯಳೊಡನೆ ಹೊರಟಳು. ಚಿಕ್ಕ ಮಗನಾದ ತೊಕ್ಸೋತಿಯನು ದಡದಲ್ಲಿ ನಿಂತು ಕೈಗಳನ್ನು ಚಾಚಿ ತಾಯಿಯನ್ನು ಬೇಡಿಕೊಳ್ಳುತ್ತಿದ್ದನು. ಅವಳು ಒಣಗಿದ ಕಣ್ಣುಗಳನ್ನು ಆಕಾಶದ ಕಡೆಗೆ ಎತ್ತಿದಳೆಂದು ಜೆರೋಮನು ಹೊಗಳಿ ಬರೆದಿದ್ದಾನೆ. ಓದುವ ನಮಗೆ ಹೊಗಳಿಕೆಗಿಂತ ಆ ಹುಡುಗನ ಕೈಗಳೇ ಹೆಚ್ಚಾಗಿ ಕಾಣಿಸುತ್ತವೆ.

386ರಲ್ಲಿ ಅವರು ಬೇತ್ಲೆಹೇಮಿನಲ್ಲಿ ನೆಲೆಸಿದರು. ಪೌಲಳ ಹಣದಿಂದ ಪುರುಷರಿಗೊಂದು ಮಠವೂ ಸ್ತ್ರೀಯರಿಗೆ ಮಠಗಳೂ ಯಾತ್ರಿಕರಿಗೆ ಛತ್ರವೂ ಆದವು. ಬರಾನಿನನೆಂಬ ಯೆಹೂದ್ಯ ಗುರುವು ತನ್ನ ಜನರಿಗೆ ಹೆದರಿ ರಾತ್ರಿಯಲ್ಲಿ ಬಂದು ಸಂಬಳಕ್ಕೆ ಪಾಠ ಹೇಳುತ್ತಿದ್ದನು. ಪೌಲಳೂ ಇಬ್ರಿಯವನ್ನು ಕಲಿತು ಕೀರ್ತನೆಗಳನ್ನು ಆ ಭಾಷೆಯಲ್ಲಿಯೇ ಹಾಡುತ್ತಿದ್ದಳು. ಸುಮಾರು 390ರಿಂದ 405ರ ವರೆಗೆ ಜೆರೋಮನು ಹಳೇ ಒಡಂಬಡಿಕೆಯನ್ನು ಮೂಲದಿಂದಲೇ ಭಾಷಾಂತರಿಸಿದನು.

ಈ ಕೆಲಸದ ನಡುವೆ ಪೌಲಿನಸನ ಕಾಗದವು ಬಂತು. ಇವನು ಬೋರ್ದೋ ಪಟ್ಟಣದ ಐಶ್ವರ್ಯವಂತನು, ಕವಿ, ದೊಡ್ಡ ಅಧಿಕಾರವನ್ನು ನಡಿಸಿದವನು. ಹುಟ್ಟಿದ ಒಂದೇ ಮಗನು ಎಂಟು ದಿನ ಬದುಕಿ ಸತ್ತ ತರುವಾಯ, ಇವನೂ ಹೆಂಡತಿಯಾದ ತೆರೇಸಿಯಳೂ ಆಸ್ತಿಯನ್ನು ಮಾರಿ ದೇವರ ಸೇವೆಗೆ ತಮ್ಮನ್ನು ಒಪ್ಪಿಸಿಕೊಳ್ಳಲು ನಿಶ್ಚಯಿಸಿದ್ದರು. 394ರ ಸುಮಾರಿಗೆ ಬರೆದ ಉತ್ತರದಲ್ಲಿ ಜೆರೋಮನು ಅವನನ್ನು ಬಾ ಎಂದೇ ಕರೆದನು. ಪುಥಾಗೋರ, ಪ್ಲೇಟೋ ಮೊದಲಾದ ಜ್ಞಾನಿಗಳು ಗುರುಗಳನ್ನು ಹುಡುಕಿಕೊಂಡು ಸಮುದ್ರ ದಾಟಿದ್ದನ್ನು ನೆನಪಿಗೆ ತಂದನು. ಬಡಗಿಗೂ ವೈದ್ಯನಿಗೂ ಕಲಿಸುವವನೊಬ್ಬನು ಬೇಕಾಗಿರುವಾಗ, ವೇದವೊಂದನ್ನು ಮಾತ್ರ ಕಲಿಯದವರೆಲ್ಲರೂ ಕಲಿಸಲು ಹೊರಡುವದನ್ನು ಕಂಡು ಆತನು ಸಿಟ್ಟಾಗುತ್ತಾನೆ. ರಥದಲ್ಲಿ ಓದುತ್ತಾ ಕೂತಿದ್ದ ಐಥಿಯೋಪ್ಯದ ಅಧಿಕಾರಿಗೆ ಫಿಲಿಪ್ಪನು ಬೇಕಾಗಿದ್ದಂತೆ ಪೌಲಿನಸನಿಗೂ ದಾರಿ ತೋರಿಸುವವನು ಬೇಕೆಂಬದು ಆ ಕಾಗದದ ತಿರುಳು. ಆಸ್ತಿಯ ವ್ಯವಸ್ಥೆಯೆಲ್ಲಾ ಮುಗಿದ ಮೇಲೆ ಹೊರಡುವೆನೆಂದು ಕಾಯಬಾರದೆಂದೂ ಎಚ್ಚರಿಸುತ್ತಾನೆ.

ಆದರೆ 395ರ ಸುಮಾರಿಗೆ ಬರೆದ ಎರಡನೆಯ ಕಾಗದದಲ್ಲಿ ರಾಗವೇ ಬೇರೆ. ಯೆರೂಸಲೇಮಿಗೆ ಬಾರದಿದ್ದರಿಂದ ನಿನ್ನ ಭಕ್ತಿಗೆ ಏನೂ ಕೊರತೆಯಾಗದೆಂದು ಹೇಳುತ್ತಾನೆ. ದೂರದ ಬ್ರಿಟನಿನಿಂದಲೂ ಪರಲೋಕದ ದಾರಿ ಅಷ್ಟೇ ಹತ್ತಿರವೆಂದೂ, ಪಲೆಸ್ತೀನದವನೇ ಆದ ಹಿಲರಿಯೋನನು ಯೆರೂಸಲೇಮನ್ನು ನೋಡಿದ್ದು ಒಂದೇ ದಿನವೆಂದೂ ತಿಳಿಸುತ್ತಾನೆ. ಅಲ್ಲಿಯೂ ಸಿಪಾಯಿಗಳು, ನಾಟಕದವರು, ವೇಶ್ಯೆಯರು, ಎಲ್ಲಾ ದೇಶಗಳ ಜನಸಂದಣಿ. ಒಂದು ಪಟ್ಟಣದ ಗದ್ದಲವನ್ನು ಬಿಟ್ಟು ಇನ್ನೊಂದರ ಗದ್ದಲಕ್ಕೆ ಬರುವದರಿಂದ ಏನು ಪ್ರಯೋಜನ? ಹಳ್ಳಿಯಲ್ಲಿ ಸರಳವಾಗಿ ಬಾಳು, ವೇದವನ್ನು ಕೈಯಿಂದ ಇಳಿಸಬೇಡ ಎಂಬದೇ ಆತನ ಸಲಹೆ.

ಹೀಗೆ ಮಾತು ತಿರುಗಿದ್ದೇಕೆ? ಆ ಕಾಲದಲ್ಲಿ ಒರಿಗೇನನ ಬೋಧನೆಯನ್ನು ಕುರಿತ ಜಗಳದಲ್ಲಿ ಯೆರೂಸಲೇಮಿನ ಬಿಷಪನಾದ ಯೋಹಾನನು ಜೆರೋಮನ ಮಠದವರನ್ನು ಸಭೆಯ ಅನ್ಯೋನ್ಯತೆಯಿಂದ ಹೊರಗಿಟ್ಟಿದ್ದನು. ಆತನನ್ನು ಗಡೀಪಾರು ಮಾಡಬೇಕೆಂಬ ಆಜ್ಞೆಯನ್ನೂ ಪಡೆದನು, ಅದು ಮಾತ್ರ ನೆರವೇರಲಿಲ್ಲ. ಎಣ್ಣೇಮರಗಳ ಗುಡ್ಡದಲ್ಲಿದ್ದ ಹಳೆಯ ಸ್ನೇಹಿತ ರುಫೀನನು ಎದುರುಪಕ್ಷದಲ್ಲಿದ್ದನು. ಪೌಲಿನಸನ ಬಂಧುವಾದ ಮೆಲಾನಿಯಳು ಆ ರುಫೀನನ ಜೊತೆಗಾತಿ. ಪೌಲಿನಸನು ಬಂದರೆ ಅವರ ಮನೆಯಲ್ಲಿ ಇಳಿದುಕೊಂಡಾನೆಂಬ ಅಳುಕು ಜೆರೋಮನಿಗೆ ಇದ್ದಿರಬಹುದು. ಹಾಗಿದ್ದರೂ ಸಲಹೆಯು ಕಪಟವಾದದ್ದೆಂದು ನಮಗೆ ತೋರುವದಿಲ್ಲ. ಪರದೇಶದಲ್ಲಿ ನೆಲೆಯಿಲ್ಲದವನ ಕಷ್ಟವನ್ನು ಅನುಭವಿಸುತ್ತಿದ್ದವನೇ ಅದನ್ನು ಬರೆದನು. ಪೌಲಿನಸನು ಇಟಲಿಯ ನೋಲಾ ಪಟ್ಟಣದಲ್ಲಿಯೇ ನೆಲೆಸಿ, ಅಲ್ಲಿಯ ಬಿಷಪನಾಗಿ 431ರಲ್ಲಿ ತೀರಿಕೊಂಡನು.

ಕೆಲವು ವರ್ಷಗಳ ಮೇಲೆ, ದಡದಲ್ಲಿ ಅತ್ತ ಆ ತೊಕ್ಸೋತಿಯನಿಗೆ ಹೆಣ್ಣುಮಗು ಹುಟ್ಟಿತು. ಅಜ್ಜಿಯ ಹೆಸರನ್ನೇ ಇಟ್ಟರು. ತಾಯಿಯಾದ ಲೇತಳು ಮಗುವನ್ನು ಬೆಳಿಸುವ ವಿಧವನ್ನು ಕೇಳಲು ಜೆರೋಮನು ದೀರ್ಘವಾದ ಕಾಗದವನ್ನು ಬರೆದನು. ದಂತದ ಇಲ್ಲವೆ ಮರದ ಅಕ್ಷರಗಳನ್ನು ಮಾಡಿಸಿ ಆಟವಾಡುತ್ತಲೇ ಅವುಗಳ ಹೆಸರನ್ನು ಕಲಿಸಬೇಕು. ಮೇಣದ ಹಲಗೆಯ ಮೇಲೆ ಕೈಹಿಡಿದು ಬರೆಯಿಸಬೇಕು. ಜೊತೆಗೆ ಕಲಿಯುವ ಗೆಳತಿಯರಿರಬೇಕು. ನಿಧಾನವಾದರೆ ಗದರಿಸದೆ ಹೊಗಳಿ ಹುರಿದುಂಬಿಸಬೇಕು. ಗ್ರೀಕ್ ಲ್ಯಾಟಿನ್ ಭಾಷೆಗಳೂ ಬೇಕು, ಉಣ್ಣೆ ನೂಲುವದೂ ಬೇಕು. ಓದು ಕೀರ್ತನೆಗಳಿಂದ ಮೊದಲಾಗಬೇಕು, ಪರಮಗೀತವು ಎಲ್ಲದರ ಕಡೆಗೆ. ಊಟ, ಸ್ನಾನ, ಹೊರಸಂಚಾರಗಳ ವಿಷಯದಲ್ಲಿ ಆತನು ಹಾಕಿದ ನಿರ್ಬಂಧಗಳು ಮಾತ್ರ ಅತಿ ಕಠಿಣವಾದವು; ಬ್ಲೆಸಿಲ್ಲಳನ್ನು ಕಳಕೊಂಡವನು ಇನ್ನಷ್ಟು ಮೃದುವಾಗಬೇಕಿತ್ತು. ಇಷ್ಟೆಲ್ಲಾ ರೋಮಾಪುರದಲ್ಲಿ ಸಾಧ್ಯವಾಗದಿದ್ದರೆ ಹುಡುಗಿಯನ್ನು ಬೇತ್ಲೆಹೇಮಿಗೆ ಕಳುಹಿಸು, ನಾನೇ ಅವಳನ್ನು ಎತ್ತಿಕೊಂಡು ತೊದಲುಮಾತು ಕಲಿಸುವೆನೆಂದು ಮುಗಿಸುತ್ತಾನೆ. ಹಿರಿಯನಾದ ಸ್ನೇಹಿತನಿಗೆ ಬರಬೇಡವೆಂದವನು ಮಗುವಿಗೆ ಬಾಗಿಲನ್ನು ತೆರೆದಿಟ್ಟನು. ಅವಳಿಗೆ ಅಲ್ಲಿ ಗುರುವೂ ಇದ್ದನು, ಸ್ವಂತ ಮನೆಯವರೂ ಇದ್ದರು.

404ರ ಜನವರಿ 26ರಲ್ಲಿ ಅಜ್ಜಿಯು ಸಾಲವನ್ನಲ್ಲದೆ ಬೇರೇನನ್ನೂ ಉಳಿಸದೆ ತೀರಿಕೊಂಡಳು. 410ರಲ್ಲಿ ಅಲಾರಿಕನು ರೋಮಾಪುರವನ್ನು ಸೂರೆಮಾಡಿದನು. ಮಾರ್ಸೆಲ್ಲಳು ಆ ದುಃಖದಲ್ಲಿಯೇ ಮಡಿದಳು. ಓಡಿಬಂದ ನಿರಾಶ್ರಿತರಿಂದ ಬೇತ್ಲೆಹೇಮು ತುಂಬಿತು. ಚಿಕ್ಕ ಪೌಲಳು ಸಮುದ್ರ ದಾಟಿ ಬಂದು ಅತ್ತೆಯಾದ ಯೂಸ್ತೋಕಿಯಳ ಬಳಿಯಲ್ಲಿ ಬೆಳೆದಳು. 416ರಲ್ಲಿ ದುಷ್ಟರ ಗುಂಪು ಮಠಗಳಿಗೆ ಬೆಂಕಿಯಿಟ್ಟಾಗ ಅತ್ತೆ ಸೊಸೆಯರಿಬ್ಬರೂ ಹೇಗೋ ಪಾರಾದರು. ಅತ್ತೆಯು ಸುಮಾರು 419ರಲ್ಲಿ ತೀರಿಹೋದಳು. ಆ ದುಃಖವನ್ನು ಆಫ್ರಿಕದ ಅಗಸ್ಟೀನನಿಗೆ ತಿಳಿಸಿದ ಕಾಗದದಲ್ಲಿ ಚಿಕ್ಕ ಪೌಲಳ ವಂದನೆಯನ್ನೂ ಜೆರೋಮನು ಸೇರಿಸಿದ್ದಾನೆ. 420ರ ಸೆಪ್ಟೆಂಬರ್ 30ರಲ್ಲಿ ಆತನು ಮರಣ ಹೊಂದಿದನು.