ಗೌಡರು ಕೇಳಿದ್ದು ಕೊಳಗದ ಲೆಕ್ಕ

ಕಾಲೇಜಿನಲ್ಲಿ ಸಮಾಜವಾದ, ಬಂಡವಾಳವಾದ ಎಂಬ ಪದಗಳನ್ನು ನಾವು ಬೈಗುಳದಂತೆಯೋ ಬಿರುದಿನಂತೆಯೋ ಬಳಸುತ್ತೇವೆ. ಅರ್ಥ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಬಿ.ಇ. ಓದುತ್ತಿರುವ ನನಗೆ ಈ ಗೊಂದಲ ಕೊಂಚ ತಿಳಿಯಾದದ್ದು ಶಾಂತವೇರಿ ಗೋಪಾಲಗೌಡರ ಬದುಕನ್ನು ಓದಿದಾಗ.

ಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಬಡತನದ ಮನೆ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅವರು ಕಾಂಗ್ರೆಸ್ಸಿನ ಬದಲು ರಾಮಮನೋಹರ ಲೋಹಿಯಾ ಅವರ ಸಮಾಜವಾದದ ದಾರಿ ಹಿಡಿದರು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಅವರನ್ನು ಸಂಘಟಿಸಿದ್ದವರು ಎಚ್. ಗಣಪತಿಯಪ್ಪ. ಜಗಳ ಯಾವ ವಾದದ್ದೂ ಆಗಿರಲಿಲ್ಲ, ಒಂದು ಕೊಳಗದ್ದು. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಎಂಬುದು ರೈತರ ದೂರು. ಸಮಾಜವಾದಿ ಪಕ್ಷ ಹೋರಾಟಕ್ಕೆ ಕೈ ಜೋಡಿಸಿತು. ಗೌಡರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಆಗ ಮೈಸೂರಿನಲ್ಲಿ ಇದ್ದದ್ದು ಕಾಂಗ್ರೆಸ್ ಸರ್ಕಾರ. ಮರುವರ್ಷವೇ ಗೌಡರು ಸಾಗರ-ಹೊಸನಗರದ ಜನರ ಮತದಿಂದ ವಿಧಾನಸಭೆಗೆ ಹೋದರು.

ಗೊಂದಲ ಶುರುವಾಗುವುದು ಇಲ್ಲಿಂದ. 1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ಕೂಡ ಸಮಾಜವಾದಿ ಮಾದರಿಯ ಸಮಾಜವೇ ತನ್ನ ಗುರಿ ಎಂದಿತು. ಅದೇ ವರ್ಷ ಸಮಾಜವಾದಿಗಳು ತಮ್ಮಲ್ಲೇ ಒಡೆದರು. ಮುಂದೆ ಸೇರಿದರು, ಮತ್ತೆ ಒಡೆದರು. 1957ರಲ್ಲಿ ಸೋತ ಗೌಡರು 1962 ಮತ್ತು 1967ರಲ್ಲಿ ಗೆದ್ದು ಬಂದರು. ಸಮಾಜವಾದಿ ಎನಿಸಿಕೊಂಡವರು ಸದನದ ಎರಡೂ ಕಡೆ ಇದ್ದ ಕಾಲ ಅದು. ಹಣೆಪಟ್ಟಿ ನೋಡಿದರೆ ಯಾರು ಯಾರೆಂದು ತಿಳಿಯದು. ಗೇಣಿದಾರನ ಪರ ಯಾರು ನಿಂತರು ಎಂದು ನೋಡಿದರೆ ತಿಳಿಯುತ್ತದೆ.

ನಮ್ಮ ಬನಹಟ್ಟಿಯಲ್ಲಿ ಭತ್ತದ ಗದ್ದೆಗಳಿಲ್ಲ, ಮಗ್ಗಗಳಿವೆ. ನಮ್ಮ ಮನೆಯಲ್ಲೂ ನಾಲ್ಕು ಪವರ್‌ಲೂಮ್‌ಗಳಿವೆ. ಎರಡನ್ನು ಅಪ್ಪ ನಡೆಸುತ್ತಾರೆ, ಇನ್ನೆರಡಕ್ಕೆ ಒಬ್ಬ ಕೂಲಿ ನೇಕಾರರು ಬರುತ್ತಾರೆ. ನೂಲು ಕೊಟ್ಟು ಸೀರೆ ಒಯ್ಯುವ ವ್ಯಾಪಾರಿಯ ಮುಂದೆ ಅಪ್ಪ ಮಜೂರಿಗೆ ದುಡಿಯುವವರು. ಆ ಕೂಲಿ ನೇಕಾರರ ಮುಂದೆ ಮಾಲಕರು. ಹಾಗಾದರೆ ಅಪ್ಪ ಕಾರ್ಮಿಕರೋ, ಬಂಡವಾಳಗಾರರೋ? ಗೆಳೆಯರು ತಮಾಷೆಗೆ ಎರಡನ್ನೂ ಹೇಳುತ್ತಾರೆ. ಕಾಗೋಡಿನ ಪಾಠ ಇಟ್ಟುಕೊಂಡು ನೋಡಿದರೆ ಕೇಳಬೇಕಾದದ್ದು ಬೇರೆ. ಸೀರೆಗೆ ಮಜೂರಿ ಗೊತ್ತು ಮಾಡುವವರು ಯಾರು? ಸೀರೆ ಹೋಗದೆ ಮಗ್ಗ ನಿಂತರೆ ಆ ದಿನದ ನಷ್ಟ ಯಾರದು? ಈ ಪ್ರಶ್ನೆ ವ್ಯಾಪಾರಿಗೆ ಎಷ್ಟೋ, ಅಪ್ಪನಿಗೂ ಅಷ್ಟೇ. ಮಗನಾಗಿ ಇದನ್ನು ಬರೆಯುವುದು ಸುಲಭವಲ್ಲ, ಆದರೆ ಅಳತೆ ಎಲ್ಲರಿಗೂ ಒಂದೇ ಇರಬೇಕಲ್ಲ!

ಗೌಡರು ತೀರಿಕೊಂಡದ್ದು 1972ರ ಜೂನ್‌ನಲ್ಲಿ, 49ನೇ ವಯಸ್ಸಿನಲ್ಲಿ. ಎರಡು ವರ್ಷಗಳ ನಂತರ, 1974ರಲ್ಲಿ, ದೇವರಾಜ ಅರಸರ ಭೂಸುಧಾರಣೆ ಕಾಯ್ದೆ ಜಾರಿಗೆ ಬಂತು. ತಂದದ್ದು ಗೌಡರ ಪಕ್ಷವಲ್ಲ, ಕಾಂಗ್ರೆಸ್. ಗೇಣಿದಾರರಿಗೆ ಸಿಕ್ಕದ್ದು ಹೊಲದ ಒಡೆತನ. ಖಾಸಗಿ ಆಸ್ತಿಯನ್ನು ಸಮಾಜವಾದ ಒಪ್ಪುವುದಿಲ್ಲ ಎಂದು ಓದಿದ ನಮಗೆ ಇದು ತಲೆಕೆಳಗಾಗಿ ಕಾಣಬಹುದು. ಉತ್ತವನ ಕೈಗೆ ಪಹಣಿ ಬಂದದ್ದು ಮಾತ್ರ ಸುಳ್ಳಲ್ಲ.

ಸಮಾಜವಾದಿ ಎಂಬ ಪದ 1976ರಲ್ಲಿ 42ನೇ ತಿದ್ದುಪಡಿಯಿಂದ ಸಂವಿಧಾನದ ಪ್ರಸ್ತಾವನೆಗೆ ಸೇರಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಈ ಇಸವಿ ಬಾಯಿಪಾಠ. ಅದು ಇರಲಿ. ಯಾವ ವಾದದ ಹೆಸರು ಹೇಳಿಕೊಂಡು ಯಾರೇ ಮತ ಕೇಳಲು ಬಂದರೂ, ಕೊಳಗ ಯಾರ ಕೈಯಲ್ಲಿದೆ, ಅದರ ಅಳತೆ ಎಷ್ಟು ಎಂದು ನಾವು ಮೊದಲು ಕೇಳಬೇಕು.